ಏಳಿ ಅಂದರೆ ಹೇಳಿ

ಅಪ್ಪನಿಗೆ ಕನ್ನಡ ಕಲಿಸಿದವಳು ನಾನು. ಹಾಗಾಗಿ ಹನೂರಿನ ಹೋಟೆಲಿನಲ್ಲಿ ಅವರು ಸುಮ್ಮಸುಮ್ಮನೆ ಎದ್ದು ನಿಲ್ಲುತ್ತಿದ್ದರಲ್ಲ, ಅದಕ್ಕೂ ನಾನೇ ಜವಾಬ್ದಾರಳು.

ನಾವು ಟಿಬೆಟಿನವರು. ಹನೂರಿನಿಂದ ಆಚೆಗೆ, ಕಾಡಿನ ಅಂಚಿನಲ್ಲಿ, ಜೋಳದ ಹೊಲಗಳ ನಡುವೆ ನಮ್ಮವರ ಊರಿದೆ. ಸುತ್ತಲಿನವರು ಅದನ್ನು ಕ್ಯಾಂಪು ಅನ್ನುತ್ತಾರೆ, ನಾವೂ ಹಾಗೇ ಅನ್ನುತ್ತೇವೆ. ಹಿಮದ ಬೆಟ್ಟ ದಾಟಿ ಅಪ್ಪ, ಅಮ್ಮ, ನಾನು ಇಲ್ಲಿಗೆ ಬಂದು ಮುಟ್ಟಿದಾಗ ನನಗಿನ್ನೂ ಹಾಲುಹಲ್ಲು ಬೀಳುವ ವಯಸ್ಸು. ಕ್ಯಾಂಪಿನ ಶಾಲೆಯಲ್ಲಿ ಒಂದಿಷ್ಟು, ಆಮೇಲೆ ಹನೂರಿನ ಹೈಸ್ಕೂಲಿನಲ್ಲಿ ಒಂದಿಷ್ಟು ಓದಿದೆ. ಪುಸ್ತಕದ ಕನ್ನಡ ಬೇಗ ಬಾಯಿಗೆ ಹತ್ತಿತು. ಸಂಜೆ ಮನೆಗೆ ಬಂದವಳೇ ಅಪ್ಪನ ಎದುರು ಮೇಷ್ಟರ ಹಾಗೆ ಕೂತು ಪಾಠ ಶುರು ಮಾಡುತ್ತಿದ್ದೆ. ಕೂರು ಅಂದರೆ ಕೂರಬೇಕು. ಏಳು ಅಂದರೆ ಎದ್ದು ನಿಲ್ಲಬೇಕು. ಏಳಿ ಅಂದರೆ ಮರ್ಯಾದೆ ಕೊಟ್ಟು ಎದ್ದು ನಿಲ್ಲಿ ಅಂತ ಹೇಳುತ್ತಿದ್ದಾರೆ, ಬೇಗ ಏಳಬೇಕು. ಅಪ್ಪ ಶ್ರದ್ಧೆಯ ವಿದ್ಯಾರ್ಥಿ, ಒಂದೊಂದು ಮಾತನ್ನೂ ಕೈಕಾಲಿನ ಸಮೇತ ಕಲಿತರು.

ಆದರೆ ಈ ಸೀಮೆಯ ನಾಲಿಗೆಗೆ ಹಕಾರ ಅಂದರೆ ಅಷ್ಟಕ್ಕಷ್ಟೆ ಎಂಬುದು ನನ್ನ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿಗೆ ಅಪ್ಪ ಮೊದಲ ಸಲ ಹೋಗಿ ಕೂತಾಗ ಮಾಲೀಕರು ಬಂದು, ಏನು ಕೊಡಲಿ ಏಳಿ, ಅಂದರು. ಅಪ್ಪ ಎದ್ದು ನಿಂತರು. ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ನಿಂತರು. ಮಾಲೀಕರು ಗಾಬರಿಯಾಗಿ ಮತ್ತೆ ಏಳಿ ಅಂದರು. ಅಪ್ಪ ಇನ್ನಷ್ಟು ನೆಟ್ಟಗಾದರು. ಪಕ್ಕದ ಬೆಂಚಿನವರಿಗೆ ಮೊದಲು ವಿಷಯ ಹೊಳೆದು, ಒಬ್ಬರಿಂದ ಒಬ್ಬರಿಗೆ ನಗು ಹಬ್ಬಿ, ಕೊನೆಗೆ ಮಾಲೀಕರು ಅಪ್ಪನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಕೂತ್ಕಳಿ ಸಾ. ನಾ ಬಾಯಲ್ಲಿ ಏಳಿ ಅಂದಿದ್ದು."

ಏಳಿ ಅಂದರೆ ಹೇಳಿ. ಆವತ್ತೇ ನಾನು ಅಪ್ಪನಿಗೆ ಬಿಡಿಸಿ ಹೇಳಿದೆ. ಅಪ್ಪನಿಗೆ ಅರ್ಥವಾಯಿತು, ಅವರ ಕಾಲುಗಳಿಗೆ ಆಗಲಿಲ್ಲ. ವರ್ಷಗಳು ಉರುಳಿದರೂ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಯಾರಾದರೂ ಏಳಿ ಅಂದರೆ ಸಾಕು, ಅವರು ಎದ್ದು ನಿಂತಿರುತ್ತಿದ್ದರು.

ಅದಕ್ಕೆ ಕಾರಣವಿತ್ತು. ಅಪ್ಪ ಬೆಳೆದ ಹಳ್ಳಿಯಲ್ಲಿ ಕಂಬದ ಮೇಲೊಂದು ಧ್ವನಿವರ್ಧಕವಿತ್ತು. ಬೆಳಗ್ಗೆ ಅದು ಹೇಳಿದ್ದೇ ಸುದ್ದಿ. ಸಂಜೆ ಅಂಗಳದಲ್ಲಿ ಸಭೆ. ಯಾರ ಹೆಸರು ಕೂಗಿದರೋ ಅವರು ಎದ್ದು ನಿಂತು, ತಾವು ಮಾಡಿದ ತಪ್ಪುಗಳನ್ನು ಕಾಗದದಲ್ಲಿ ಬರೆದುಕೊಂಡು ಬಂದು ಎಲ್ಲರ ಮುಂದೆ ಓದಬೇಕು. ತಪ್ಪು ಮಾಡಿಲ್ಲ ಅನ್ನುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಊರ ಗೋಡೆಗೆ ಅಂಟಿಸಿದ ಪತ್ರಿಕೆಯೊಂದರಲ್ಲಿ ನಮ್ಮ ದೊಡ್ಡಪ್ಪನ ಬಗ್ಗೆ ಎರಡು ಸುಳ್ಳು ಸಾಲು ಬಂದವು. ಸುಳ್ಳು ಅಂತ ಊರಿಗೆಲ್ಲ ಗೊತ್ತಿತ್ತು. ದೊಡ್ಡಪ್ಪ ಎದ್ದು ನಿಂತರು, ಓದಿದರು, ಆಮೇಲೆ ಮನೆಗೆ ಬರಲಿಲ್ಲ. ಅಪ್ಪ ಇದನ್ನು ನನಗೆ ಹೇಳಿದ್ದು ನನ್ನ ಮದುವೆಯಾದ ಮೇಲೆ, ಅದೂ ಒಂದೇ ಸಲ.

ಇಂಥವರು ಹನೂರಿನ ಹೋಟೆಲಿನಲ್ಲಿ ಕೂತು ನೋಡಿದ್ದೇನು? ಒಂದು ಪತ್ರಿಕೆ ಬರುತ್ತದೆ. ಬಂದ ಕೂಡಲೇ ಅದರ ಹಾಳೆಗಳು ಪಾಲಾಗುತ್ತವೆ. ಒಂದು ಹಾಳೆ ಕಿಟಕಿಯ ಬೆಂಚಿಗೆ, ಒಂದು ಗಲ್ಲಾಪೆಟ್ಟಿಗೆಗೆ, ಇನ್ನೊಂದು ದೋಸೆಗಾಗಿ ಕಾಯುವವರ ಕೈಗೆ. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಗಟ್ಟಿಯಾಗಿ ಬೈಯುತ್ತಾರೆ. ಮಂತ್ರಿಯನ್ನು, ಶಾಸಕರನ್ನು, ಕೊನೆಗೆ ಪತ್ರಿಕೆಯವರನ್ನೂ ಬೈದು, ಮೂತಿ ಒರೆಸಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಅಪ್ಪ ಬಾಗಿಲ ಕಡೆ ನೋಡುತ್ತಾ ಕೂರುತ್ತಿದ್ದರು. ಇಷ್ಟು ಜನರಲ್ಲಿ ಮೇಲಿನವರಿಗೆ ಸುದ್ದಿ ಮುಟ್ಟಿಸುವವನು ಒಬ್ಬನಾದರೂ ಇರಲೇಬೇಕು, ಯಾರು ಅಂತ ಪತ್ತೆ ಮಾಡಬೇಕು ಅನ್ನುತ್ತಿದ್ದರು. ಕೊನೆಗೆ ಅವರ ಅನುಮಾನ ಮೂಲೆಯಲ್ಲಿ ತೆಪ್ಪಗೆ ಇಡ್ಲಿ ತಿನ್ನುತ್ತಿದ್ದ ದಪ್ಪ ಮೀಸೆಯವರೊಬ್ಬರ ಮೇಲೆ ಬಿತ್ತು. ವಿಚಾರಿಸಿದರೆ ಅವರು ಪೊಲೀಸರೇ. ಅಪ್ಪ ನನ್ನ ಕೈ ಹಿಸುಕಿ, ನೋಡು, ನಾನು ಹೇಳಲಿಲ್ಲವೇ ಅಂದರು. ಅಷ್ಟರಲ್ಲಿ ಪತ್ರಿಕೆಯ ಹಾಳೆಯೊಂದು ಆ ಮೀಸೆಯವರ ಕೈಗೆ ಹೋಯಿತು. ವರ್ಗಾವಣೆಯ ಸುದ್ದಿ ಇತ್ತೋ ಏನೋ, ಇಡೀ ಹೋಟೆಲಿನಲ್ಲಿ ಯಾರೂ ಬೈಯದಷ್ಟು ಜೋರಾಗಿ ಅವರು ಸರ್ಕಾರವನ್ನು ಬೈದರು. ಮನೆಗೆ ಬರುವ ದಾರಿಯುದ್ದಕ್ಕೂ ಅಪ್ಪ ಒಬ್ಬರೇ ನಗುತ್ತಿದ್ದರು.

ಇಲ್ಲಿ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು ಅಂತ ನಾನೇನೂ ಹೇಳುವುದಿಲ್ಲ. ಜಾಹೀರಾತು ಕೊಟ್ಟವರ ಸುದ್ದಿ ದೊಡ್ಡದಾಗಿ ಬರುವುದು ನನ್ನ ಕಣ್ಣಿಗೂ ಕಾಣುತ್ತದೆ. ಬರೆದದ್ದಕ್ಕೆ ಏಟು ತಿಂದವರೂ ಇದ್ದಾರೆ. ಯಳಂದೂರಿನಿಂದ ದಿನಾ ಸ್ಕೂಟರಿನಲ್ಲಿ ಕೊಳ್ಳೇಗಾಲಕ್ಕೆ ಬಂದು ನಾಲ್ಕು ಪುಟದ ಪತ್ರಿಕೆ ನಡೆಸುವ ಸಂಪಾದಕರೊಬ್ಬರನ್ನು, ಮರಳು ದಂಧೆಯ ಬಗ್ಗೆ ಬರೆದರು ಅಂತ ಯಾರೋ ನಡುರಸ್ತೆಯಲ್ಲಿ ಅಡ್ಡಗಟ್ಟಿ ಕೆನ್ನೆಗೆ ಬಾರಿಸಿದ್ದರು. ಅವರು ಊದಿದ ಕೆನ್ನೆಯ ಸುದ್ದಿಯನ್ನೇ ಮಾರನೆಯ ದಿನ ಮುಖಪುಟದಲ್ಲಿ ಹಾಕಿದರು. ಅದನ್ನು ಓದಿದ ದಿನವೇ ನನಗೆ ಅವರ ಮೇಲೆ ಅಭಿಮಾನ ಹುಟ್ಟಿದ್ದು.

ಆದ್ದರಿಂದ ಬಸ್ಸಿನ ತಕರಾರು ಬಂದಾಗ ನಾನು ಹೋದದ್ದು ಅವರ ಹತ್ತಿರಕ್ಕೇ. ಅಮ್ಮ ಮಂಡಿ ನೋವಿಗೆ ವಾರಕ್ಕೊಮ್ಮೆ ಕೊಳ್ಳೇಗಾಲದ ಆಸ್ಪತ್ರೆಗೆ ಹೋಗಿ ಬರಬೇಕಿತ್ತು. ಕ್ಯಾಂಪಿನವರೆಗೂ ಬರುತ್ತಿದ್ದ ಬಸ್ಸು ಇದ್ದಕ್ಕಿದ್ದಂತೆ ಕ್ರಾಸಿನಲ್ಲೇ ತಿರುಗತೊಡಗಿತು. ಅಲ್ಲಿಂದ ಮನೆಗೆ ಜೋಳದ ಹೊಲಗಳ ನಡುವಿನ ದಾರಿ. ಜೋಳ ಹಾಲುಗಟ್ಟುವ ಕಾಲಕ್ಕೆ ಆ ದಾರಿ ಆನೆಗಳದು. ಅಮ್ಮ ಕೋಲೂರಿಕೊಂಡು ಮಬ್ಬುಗತ್ತಲಲ್ಲಿ ಬರುವುದನ್ನು ನೋಡಿದಾಗಲೆಲ್ಲ ನಾನು ಟಾರ್ಚು ಹಿಡಿದು ಎದುರಿಗೆ ಓಡುತ್ತಿದ್ದೆ. ಅರ್ಜಿ ಕೊಟ್ಟದ್ದಾಯಿತು, ನೋಡೋಣ ಅಂದದ್ದಾಯಿತು, ಯಾರೂ ನೋಡಲಿಲ್ಲ. ಪತ್ರಿಕೆಗೆ ಹೇಳುತ್ತೇನೆ ಅಂದೆ. ಅಪ್ಪ ಬೇಡವೆಂದರು. ನಾನು ಹಟಮಾರಿ, ಅದು ಅವರಿಗೂ ಗೊತ್ತು. ಕೊನೆಗೆ ಒಂದೇ ಒಂದು ಮಾತು ಕೇಳಿಕೊಂಡರು: ನಮ್ಮ ಹೆಸರು ಅಚ್ಚಾಗಬಾರದು. ನಾವು ಈ ದೇಶದಲ್ಲಿ ಇರುವುದು ಒಂದು ನೋಂದಣಿ ಪುಸ್ತಕದ ಮೇಲೆ, ಅದನ್ನು ಆಗಾಗ ನವೀಕರಿಸಿಕೊಳ್ಳಬೇಕು. ಸರ್ಕಾರದ ಬಸ್ಸನ್ನು ದೂರಿದವರ ಪುಸ್ತಕಕ್ಕೆ ಯಾರು ಮುದ್ರೆ ಒತ್ತುತ್ತಾರೆ ಎಂಬುದು ಅಪ್ಪನ ಪ್ರಶ್ನೆ. ಆಯಿತು ಅಂದೆ.

ಸಂಪಾದಕರ ಕಚೇರಿ ಕೊಳ್ಳೇಗಾಲದಲ್ಲಿ ಒಂದು ಜೆರಾಕ್ಸ್ ಅಂಗಡಿಯ ಹಿಂದುಗಡೆಯ ಕೋಣೆ. ವರದಿಗಾರರೂ ಅವರೇ, ಟೈಪು ಮಾಡುವವರೂ ಅವರೇ. ಎರಡು ಬೆರಳಿನಲ್ಲಿ ಟೈಪು ಮಾಡುತ್ತಾ, ಏಳಮ್ಮ ಅಂದರು. ನಾನು ಹೇಳಿದೆ. ಹೊತ್ತು ಮೀರಿ ಬಂದ ಬಸ್ಸು, ಬೇಗ ತಿರುಗಿಸಿಕೊಂಡು ಹೋಗುವ ತರಾತುರಿ, ಅಮ್ಮನನ್ನು ಕೈಹಿಡಿದು ಇಳಿಸಲು ಬಂದ ಕಂಡಕ್ಟರ್, ಆ ಗಡಿಬಿಡಿಯಲ್ಲಿ ಅವರ ಕೈ ತಗುಲಿ ಅಮ್ಮನ ಚಹಾದ ಫ್ಲಾಸ್ಕು ಬಿದ್ದದ್ದು, ಎಲ್ಲ ಹೇಳಿದೆ. ಇಷ್ಟು ವರ್ಷದಲ್ಲಿ ನನ್ನ ನಾಲಿಗೆಯೂ ಹನೂರಿನದೇ ಆಗಿತ್ತು. "ಇಳುಸೋ ಅವಸ್ರುದಲ್ಲಿ ಕಂಡಕ್ಟ್ರು ಅಮ್ಮನ್ ಫ್ಲಾಸ್ಕ ಒಡ್ದಾಕ್ಬುಟ್ರು ಸಾ," ಅಂದೆ. ಹೊರಗೆ ಟ್ರ್ಯಾಕ್ಟರೊಂದು ಹೋಗುತ್ತಿತ್ತು. ಅವರು ತಲೆಯಾಡಿಸಿ ಟೈಪು ಮಾಡಿಕೊಂಡರು.

ಹೆಸರು ಹಾಕಬೇಡಿ ಅಂದಾಗ ಮಾತ್ರ ಅವರ ಬೆರಳು ನಿಂತಿತು.

"ಎಸ್ರು ಇಲ್ದೆ ಮುದ್ದೆ ಆದದಾ ತಾಯಿ?" ಅಂದು, ಹೆಸರನ್ನೂ ಮುದ್ದೆಗೆ ಕುದಿಸುವ ಎಸರನ್ನೂ ಒಂದೇ ಮಾಡಿದ ತಮ್ಮ ತಮಾಷೆಗೆ ತಾವೇ ನಕ್ಕರು. ಆಮೇಲೆ, ಕ್ಯಾಂಪಿನ ನಿವಾಸಿ ಅಂತ ಹಾಕುತ್ತೇನೆ, ಹೆದರಬೇಡ ಅಂದರು.

ಅವರಲ್ಲಿ ಒಂದು ವಿಚಿತ್ರವಿತ್ತು. ನಾಲಿಗೆ ನುಂಗಿದ ಹಕಾರಗಳನ್ನೆಲ್ಲ ಅವರ ಬೆರಳು ಹುಡುಕಿ ಹುಡುಕಿ ವಾಪಸು ತರುತ್ತಿತ್ತು. ಯಾರೂ ನುಂಗದೇ ಇದ್ದ ಹಕಾರಗಳನ್ನೂ ತರುತ್ತಿತ್ತು ಅಂತ ನನಗೆ ತಿಳಿದದ್ದು ಮಾರನೆಯ ಬೆಳಗ್ಗೆ. ಎರಡನೇ ಪುಟದಲ್ಲಿ ದಪ್ಪಕ್ಷರದಲ್ಲಿ ಬಂದಿತ್ತು: "ವೃದ್ಧೆಗೆ ಫ್ಲಾಸ್ಕಿನಿಂದ ಹೊಡೆದ ಕಂಡಕ್ಟರ್."

ಅದನ್ನು ಅಮ್ಮನಿಗೆ ನಮ್ಮ ಮಾತಿನಲ್ಲಿ ಹೇಳಿದೆ. ಅಮ್ಮ ತಲೆಯನ್ನು ಸವರಿ ನೋಡಿಕೊಂಡರು. ಬುಗುಟು ಎಲ್ಲಿದೆ ಅಂತ ನನ್ನನ್ನೇ ಕೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಅಪ್ಪ ನಗಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಎಲ್ಲರ ನೋಂದಣಿ ಪುಸ್ತಕಗಳನ್ನು ತೆಗೆದು, ಬಟ್ಟೆಯಲ್ಲಿ ಸುತ್ತಿ, ಬಿಸಿಲಿಗೆ ಒಂದಿಷ್ಟೂ ಹೊಂದದ ಕೋಟು ಹಾಕಿಕೊಂಡು ಹೊಸ್ತಿಲ ಹತ್ತಿರ ಕೂತರು. ಜೀಪು ಬರುತ್ತದೆ, ಬಂದವರು ಕಾಯುವಂತಾಗಬಾರದು ಅಂದರು. ಯಾವ ಜೀಪೂ ಬರುವುದಿಲ್ಲ ಅಂತ ನಾನು ರೇಗಿದೆ. ಅವರು ಶಾಂತವಾಗಿಯೇ ಹೇಳಿದರು: ಸುಳ್ಳು ಅಚ್ಚಾಗಿದೆ, ಅಚ್ಚಾದದ್ದು ವಾಪಸು ಹೋಗುವುದಿಲ್ಲ, ಈಗ ಯಾರಾದರೂ ಒಬ್ಬರು ಅದಕ್ಕೆ ತಕ್ಕಂತೆ ತಪ್ಪಿತಸ್ಥರಾಗಲೇಬೇಕು, ಆ ಕಂಡಕ್ಟರ್ ಆಗುತ್ತಾನೆ ಅಥವಾ ನಾವು ಆಗುತ್ತೇವೆ. ನನ್ನ ನಗು ಅಲ್ಲಿಗೇ ನಿಂತಿತು. ಅವರು ಹೊಸ್ತಿಲಲ್ಲಿ ಕಂಡದ್ದು ದೊಡ್ಡಪ್ಪನನ್ನು. ಸಂಜೆಯವರೆಗೂ ಹಾಗೇ ಕೂತಿದ್ದರು. ಊಟಕ್ಕೂ ಏಳಲಿಲ್ಲ.

ಮಾರನೆಯ ದಿನ ಬೆಳಗ್ಗೆ ಕ್ಯಾಂಪಿನ ಬಾಗಿಲಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಎಷ್ಟೋ ತಿಂಗಳ ನಂತರ ಒಳಗಿನವರೆಗೂ ಬಂದ ಬಸ್ಸು. ಅಕ್ಕಪಕ್ಕದವರು ಹಬ್ಬದ ಹಾಗೆ ಆಚೆ ಬಂದು ನೋಡಿದರು. ಬಸ್ಸಿನಿಂದ ಇಳಿದು ನಮ್ಮ ಮನೆಯ ಕಡೆ ಬಂದವರು ಅದೇ ಕಂಡಕ್ಟರ್, ಧನಗೆರೆ ಊರಿನವರು. ಖಾಕಿ ಕಂಡದ್ದೇ ಅಪ್ಪ ಎದ್ದು ನಿಂತರು.

ಕಂಡಕ್ಟರ್ ನೇರವಾಗಿ ಅಮ್ಮನ ಹತ್ತಿರ ಹೋಗಿ ಕೇಳಿದರು. "ನಾ ಯಾವಾಗವ್ವಾ ನಿಂಗೊಡ್ದೆ? ನಾ ಒಡ್ದಿದ್ದು ಫ್ಲಾಸ್ಕ ಕಣವ್ವಾ."

ಅವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಸಂಕಟವಿತ್ತು. ಡಿಪೋದಿಂದ ಮೆಮೊ ಕೊಟ್ಟಿದ್ದರಂತೆ, ವಿವರಣೆ ಸರಿಬೀಳದಿದ್ದರೆ ಸಸ್ಪೆಂಡು. ಬಸ್ಸನ್ನು ಮಾತ್ರ ಇವತ್ತಿನಿಂದ ಕ್ಯಾಂಪಿನವರೆಗೂ ಬಿಡಬೇಕು ಅಂತ ಆರ್ಡರು ಆಗಿತ್ತು. ಕಂಕುಳಲ್ಲಿದ್ದ ಚೀಲದಿಂದ ಅವರು ಕೆಂಪು ಬಣ್ಣದ ಹೊಸ ಫ್ಲಾಸ್ಕೊಂದನ್ನು ತೆಗೆದು ಅಮ್ಮನ ಕೈಗಿಟ್ಟರು. ಪತ್ರಿಕೆಯಲ್ಲಿ ಬರುವ ಮೊದಲೇ ಕೊಂಡಿಟ್ಟಿದ್ದರಂತೆ. ಅಮ್ಮ ಅವರನ್ನು ಕೂರಿಸಿ ನಮ್ಮವರ ಬೆಣ್ಣೆ ಹಾಕಿದ ಉಪ್ಪುಚಹಾ ಕೊಟ್ಟರು. ಅವರು ಅದನ್ನು ಔಷಧಿಯ ಹಾಗೆ ಕಣ್ಣುಮುಚ್ಚಿ ಕುಡಿದರು. ಎಲ್ಲರೂ ಪತ್ರಿಕೆಯ ಕಚೇರಿಗೆ ಹೋಗೋಣ, ನೀವು ಬಂದು ಒಂದು ಮಾತು ಹೇಳಿದರೆ ನನ್ನ ಕೆಲಸ ಉಳಿಯುತ್ತದೆ ಅಂದರು.

ಅದೇ ಬಸ್ಸಿನಲ್ಲಿ ಹೊರಟೆವು. ಅಪ್ಪ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. ಅದೇನು ಅಂತ ಕಂಡಕ್ಟರ್ ಕೇಳಿದರು. ನಮ್ಮ ಆರ್‌ಸಿ ಅಂದೆ, ನಮ್ಮ ನೋಂದಣಿ ಪುಸ್ತಕವನ್ನು ಎಲ್ಲರೂ ಕರೆಯುವುದೇ ಹಾಗೆ. ಗಾಡಿಗೆ ಇದ್ದಂಗೆ ನಿಮಗೂ ಆರ್‌ಸಿ ಅದಾ, ಹಂಗಾರೆ ವರ್ಷ ವರ್ಷ ಎಫ್‌ಸಿನೂ ಮಾಡಿಸಬೇಕೇನೋ ಅಂತ ಅವರು ನಕ್ಕರು. ನಾನು ಅನುವಾದಿಸಿದೆ. ಅಪ್ಪನ ತುಟಿ ಸ್ವಲ್ಪ ಅಲುಗಿತು, ಅಷ್ಟೆ.

ಕಚೇರಿಯಲ್ಲಿ ನಡೆದದ್ದನ್ನು ಅಪ್ಪ ಈಗಲೂ ಕ್ಯಾಂಪಿನ ಮುದುಕರ ಮುಂದೆ ಅಭಿನಯಿಸಿ ತೋರಿಸುತ್ತಾರೆ. ಕಂಡಕ್ಟರ್ ಪತ್ರಿಕೆಯನ್ನು ಮೇಜಿನ ಮೇಲೆ ಹರವಿ ಬೈಯಲು ಶುರು ಮಾಡಿದರು. ನೀವೇನು ಕಂಡಿದ್ದಿರಾ, ಕೇಳಿದ್ದಿರಾ, ನನ್ನ ಹೆಂಡತಿ ಮಕ್ಕಳು ಮುಖ ಎಲ್ಲಿಡಬೇಕು ಅಂತ ಒಂದೇ ಸಮನೆ ಬೈದರು. ಅಪ್ಪ ಗೋಡೆಗೆ ಒರಗಿದರು. ಪತ್ರಿಕೆಯ ಮನೆಯೊಳಗೇ ಹೋಗಿ ಪತ್ರಿಕೆಯನ್ನು ಬೈಯುವ ಮನುಷ್ಯನನ್ನು ಅವರು ಆವರೆಗೆ ಕಂಡಿರಲಿಲ್ಲ. ಸಂಪಾದಕರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಆವತ್ತು ಏನಂದೆ, ಇನ್ನೊಂದು ಸಲ ಹೇಳು ಅಂದರು. ಒಡ್ದಾಕ್ಬುಟ್ರು ಅಂದೆ. ಅವರು ಅದನ್ನೇ ಎರಡು ಸಲ ಮೆಲ್ಲಗೆ ತಮ್ಮ ಬಾಯಲ್ಲಿ ಆಡಿಸಿ ನೋಡಿಕೊಂಡರು. ಮೂರನೆಯ ಸಲಕ್ಕೆ ಹಣೆ ಚಚ್ಚಿಕೊಂಡರು.

"ತಪ್ಪಾಯ್ತು ಕಣಪ್ಪ. ನಾಳೆ ಅದೇ ಪುಟದಲ್ಲೇ ಆಕ್ತೀನಿ."

ಡಿಪೋಗೂ ಬರೆದು ಕೊಡುತ್ತೇನೆ ಅಂದರು. ಕಂಡಕ್ಟರ್ ಅಷ್ಟು ಹೊತ್ತು ಬೈದದ್ದಕ್ಕೆ ತಾವೇ ನಾಚಿಕೊಂಡು ಕುರ್ಚಿಯಲ್ಲಿ ಕುಸಿದು ಕೂತರು. ಅಪ್ಪ ನನ್ನ ತೋಳು ಹಿಡಿದು, ನಾಳೆ ಏನು ಹಾಕುತ್ತಾರಂತೆ ಅಂತ ನಮ್ಮ ಮಾತಿನಲ್ಲಿ ಕೇಳಿದರು. ತಪ್ಪಾಗಿದೆ ಅಂತ ಹಾಕುತ್ತಾರೆ ಅಂದೆ. ಯಾರ ತಪ್ಪು ಅಂದರು. ಪತ್ರಿಕೆಯ ತಪ್ಪು ಅಂದೆ. ಅದನ್ನು ಅಚ್ಚು ಹಾಕುವವರು ಯಾರು ಅಂದರು. ಪತ್ರಿಕೆಯವರೇ ಅಂದೆ. ಅವರನ್ನು ಎದ್ದು ನಿಲ್ಲಿಸಿದವರು ಯಾರು ಅಂದರು. ಯಾರೂ ಇಲ್ಲಪ್ಪ, ಈ ಕಂಡಕ್ಟರ್ ಬೈದರಲ್ಲ, ಅಷ್ಟೆ ಅಂದೆ. ಅವರು ಸಂಪಾದಕರನ್ನು ಬಹಳ ಹೊತ್ತು ನೋಡಿದರು. ಒಂದು ಕಾಲದಲ್ಲಿ ಬಾತುಕೊಂಡಿದ್ದ ಆ ಕೆನ್ನೆಯನ್ನು ನೋಡಿದರೋ ಏನೋ.

ಅಪ್ಪ ಹಾಗೆ ನೋಡುವುದು ಕಂಡು ಸಂಪಾದಕರಿಗೆ ಇವರಿಗೂ ಏನೋ ದೂರಿರಬೇಕು ಅನ್ನಿಸಿತು. "ನೀವೂ ಏನಾರ ಇದ್ರೆ ಏಳಿ ಯಜಮಾನ್ರೇ," ಅಂದರು.

ಅಪ್ಪ ಗೋಡೆ ಬಿಟ್ಟು ನೆಟ್ಟಗೆ ನಿಂತರು. ಅಭ್ಯಾಸಬಲ, ಅವರಿಗೆ ಮತ್ತೆ ಮರೆತುಹೋಯಿತು ಅಂದುಕೊಂಡು, ಏಳಿ ಅಲ್ಲ ಅಪ್ಪ, ಹೇಳಿ ಅಂತ ಅಂದದ್ದು ಅಂತ ಪಿಸುಗುಟ್ಟಿದೆ. ಗೊತ್ತು ಅಂದರು. ಕೈಯಲ್ಲಿದ್ದ ಗಂಟನ್ನು ಅಮ್ಮನಿಗೆ ಕೊಟ್ಟರು. ಟೋಪಿ ತೆಗೆದರು. ಆಮೇಲೆ ತಮ್ಮ ಮುರುಕು ಕನ್ನಡದಲ್ಲಿ, ಒಂದೊಂದೇ ಮಾತಾಗಿ, ಹೇಳಿದರು:

"ಕ್ರಾಸ್‌ನಲ್ಲಿ ಲೈಟಿಲ್ಲ. ಆನೆ ಬತ್ತದೆ. ಅದೂ ಆಕಿ."

ಕೋಣೆಯಲ್ಲಿದ್ದವರಿಗೆ ಅದು ಸಾಧಾರಣ ಮಾತು. ನನಗಲ್ಲ. ನನ್ನ ಅಪ್ಪ ತಮ್ಮ ಜೀವಮಾನದಲ್ಲಿ ಯಾವುದರ ಬಗ್ಗೆಯೂ, ಯಾರ ಮುಂದೆಯೂ ದೂರು ಹೇಳಿದವರಲ್ಲ. ಸಂಪಾದಕರು ಎರಡು ಬೆರಳಿನಲ್ಲಿ ಟೈಪು ಮಾಡಿಕೊಂಡು, ಎಸ್ರು ಅಂದರು. ನಾನು ಬಾಯಿ ಹಾಕಿ ಬೇಡ ಸಾ, ಕ್ಯಾಂಪಿನ ನಿವಾಸಿ ಅಂತಲೇ ಇರಲಿ ಅಂದೆ.

"ಆಕಿ," ಅಂದರು ಅಪ್ಪ. "ನನ್ನ ಎಸ್ರು ಆಕಿ."

ಹೇಳಿದರು. ಸಂಪಾದಕರಿಗೆ ಕೇಳಿಸಲಿಲ್ಲವೆಂದು ಇನ್ನೊಮ್ಮೆ ನಿಧಾನವಾಗಿ, ಒಂದೊಂದು ಅಕ್ಷರ ಬಿಡಿಸಿ ಹೇಳಿದರು. ಅಮ್ಮ ಹೊಸ ಫ್ಲಾಸ್ಕನ್ನೂ ಆರ್‌ಸಿಯ ಗಂಟನ್ನೂ ಒಟ್ಟಿಗೆ ಅವುಚಿಕೊಂಡು ಬಾಯಿ ತೆರೆದು ಅವರನ್ನೇ ನೋಡುತ್ತಿದ್ದರು.

ಮಾರನೆಯ ಬೆಳಗ್ಗೆ, ಅಪ್ಪ ಕೋಟಿಲ್ಲದೆ, ನಾನು ನಿದ್ದೆಯಿಲ್ಲದೆ, ಮೊದಲ ಬಸ್ಸು ಹಿಡಿದು ಹನೂರಿನ ಹೋಟೆಲಿಗೆ ಹೋದೆವು. ನಮ್ಮ ಕೈಗೆ ಎರಡನೇ ಪುಟ ಸಿಗಲು ದೋಸೆಯವರೊಬ್ಬರು ಅದನ್ನು ಮುಗಿಸುವವರೆಗೆ ಕಾಯಬೇಕಾಯಿತು. ಬಲಗಡೆ ಚೌಕಟ್ಟಿನೊಳಗೆ ಬಂದಿತ್ತು. ನಾನು ಗಟ್ಟಿಯಾಗಿ ಓದಿದೆ: "ಮೊನ್ನೆ ಪ್ರಕಟವಾದ ಸುದ್ದಿಯಲ್ಲಿ ತಪ್ಪಾಗಿದೆ. ಕಂಡಕ್ಟರ್ ಅವರಿಂದ ಅಕಸ್ಮಾತ್ತಾಗಿ ಒಡೆದದ್ದು ಫ್ಲಾಸ್ಕು. ಅವರು ಯಾರಿಗೂ ಹೊಡೆದಿಲ್ಲ. ತಪ್ಪಿಗೆ ವಿಷಾದಿಸುತ್ತೇವೆ."

ಒಡೆದದ್ದು, ಹೊಡೆದಿಲ್ಲ ಎಂಬುದನ್ನು ಹೋಟೆಲಿನ ಒಬ್ಬರೂ ಬೇರೆ ಬೇರೆಯಾಗಿ ಉಚ್ಚರಿಸಲಾರದೆ, ಅದರ ಮೇಲೇ ಒಂದು ಸುತ್ತು ನಗೆಯಾಯಿತು. ಅಪ್ಪ ಮತ್ತೆ ಓದಿಸಿದರು. ವಿಷಾದಿಸುತ್ತೇವೆ ಅಂದರೆ ಏನು ಅಂತ ಕೇಳಿದರು, ಹೇಳಿದೆ. ನಮ್ಮೂರಿನಲ್ಲಿ ಜನ ಎದ್ದು ನಿಂತು ತಮ್ಮ ತಪ್ಪನ್ನು ಪೇಪರಿಗೆ ಓದುತ್ತಿದ್ದರು, ಇಲ್ಲಿ ಪೇಪರು ತನ್ನ ತಪ್ಪನ್ನು ಜನಕ್ಕೆ ಓದುತ್ತದೆ, ಅಲ್ಲವೇನಮ್ಮ ಅಂದರು. ಹೌದು ಅಂದೆ. ಪಕ್ಕದವರು ನಿಮ್ಮ ತಂದೆ ಏನಂತಾರೆ ಅಂದರು. ಕನ್ನಡದಲ್ಲಿ ಹೇಳಿದೆ. ಮಾಲೀಕರು ಕೇಳದೆಯೇ ಅಪ್ಪನಿಗೆ ಇನ್ನೊಂದು ಲೋಟ ಚಹಾ ತಂದಿಟ್ಟರು. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಆ ಬೆಳಗ್ಗೆ ನಾನು ಎಷ್ಟು ಸುಖಿಯಾಗಿದ್ದೆ ಅಂದರೆ, ತಣ್ಣಗಾದ ಇಡ್ಲಿಯನ್ನೂ ಬೈಯದೆ ತಿಂದೆ.

ಚೌಕಟ್ಟಿನ ಕೆಳಗೆ ಕ್ರಾಸಿನ ಲೈಟಿನ ಸುದ್ದಿ ಇತ್ತು. ಅಪ್ಪ ಅದನ್ನು ನನ್ನಿಂದ ಕಿತ್ತುಕೊಂಡರು. ನಾನು ಕಲಿಸಿದ ಅಕ್ಷರಗಳನ್ನು ಒಂದೊಂದಾಗಿ ಬೆರಳಿನಲ್ಲಿ ಮುಟ್ಟುತ್ತಾ, ಕೊನೆಯ ಸಾಲಿನಲ್ಲಿದ್ದ ತಮ್ಮ ಹೆಸರಿನವರೆಗೂ ಹೋಗಿ ನಿಂತರು. ಅವರ ಮುಖ ಗಂಭೀರವಾಯಿತು. ನಾನು ಬಗ್ಗಿ ನೋಡಿದೆ. ಅಪ್ಪನ ಹೆಸರಿನ ಮೊದಲಿಗೆ, ಯಾರೂ ಕರೆಯದೆ, ಎಲ್ಲಿಂದಲೋ ಬಂದ ಒಂದು ಹ ಕೂತಿತ್ತು. ಅಷ್ಟು ಕಷ್ಟಪಟ್ಟು ಹೊರಗೆ ತಂದ ಹೆಸರು. ಅಪ್ಪ ಮತ್ತೆ ಹೊಸ್ತಿಲ ಹತ್ತಿರ ಹೋಗಿ ಕೂತರೆ?

ಅಪ್ಪ ಪತ್ರಿಕೆಯನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡರು. ಯಾರೂ ಏಳಿ ಅಂದಿರಲಿಲ್ಲ. ಅವರೇ ಎದ್ದು ನಿಂತು, ಇಡೀ ಹೋಟೆಲಿಗೆ ಕೇಳುವ ಹಾಗೆ ಕನ್ನಡದಲ್ಲೇ ಹೇಳಿದರು:

"ಪೇಪರ್‌ನೋರು ತಪ್ಪು ಮಾಡವ್ರೆ. ಕೊಳ್ಳೇಗಾಲದ್ ಬಸ್ಸು ಎಷ್ಟೊತ್ಗೆ?"